ದೋಷವೋ? ದುಃಖವೋ?

ಮನುಷ್ಯನು ತನ್ನ ನಡತೆಯನ್ನು ತೂಗುವ ತಕ್ಕಡಿ ಒಂದು, ನೆರೆಯವನ ನಡತೆಯನ್ನು ತೂಗುವ ತಕ್ಕಡಿ ಮತ್ತೊಂದು. ತಾನು ಸಿಡುಕಿದರೆ ಅದಕ್ಕೆ ರಾತ್ರಿಯ ನಿದ್ರಾಭಂಗವು ಕಾರಣ. ನೆರೆಯವನು ಸಿಡುಕಿದರೆ ಅವನ ಹುಟ್ಟುಗುಣವೇ ಕಾರಣ. ತಾನು ಕೆಲಸವನ್ನು ಮುಂದಕ್ಕೆ ತಳ್ಳಿದರೆ ಅದು ಅನನುಕೂಲ. ಮಗನು ತಳ್ಳಿದರೆ ಸೋಮಾರಿತನ. ಲೋಕಾನುಭವವುಳ್ಳವರೆಲ್ಲರೂ ಬಲ್ಲ ಈ ಪಕ್ಷಪಾತವನ್ನು ಮನಶ್ಶಾಸ್ತ್ರವು ಪರೀಕ್ಷೆಗೊಡ್ಡಿ ನೋಡಿದೆ. 1967ರಲ್ಲಿ ಅಮೆರಿಕದ ಜೋನ್ಸ್ ಮತ್ತು ಹ್ಯಾರಿಸ್ ಎಂಬ ವಿದ್ವಾಂಸರು, ಕ್ಯೂಬಾದ ನಾಯಕ ಕ್ಯಾಸ್ಟ್ರೊವಿನ ಪರವಾಗಿಯೂ ವಿರುದ್ಧವಾಗಿಯೂ ಬರೆದ ಲೇಖನಗಳನ್ನು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ಯಾವ ಪಕ್ಷವನ್ನು ಹಿಡಿಯಬೇಕೆಂಬುದನ್ನು ಲೇಖಕನಿಗೆ ಇತರರೇ ಗೊತ್ತುಮಾಡಿದ್ದರೆಂದು ತಿಳಿಸಿದಾಗಲೂ, ಬರೆಹದಲ್ಲಿದ್ದುದೇ ಬರೆದವನ ಅಂತರಂಗವೆಂದು ಎಣಿಸುವ ಕಡೆಗೆ ಓದುಗರು ವಾಲಿದರು. 1977ರಲ್ಲಿ ಲೀ ರಾಸ್ ಎಂಬ ವಿದ್ವಾಂಸನು ಈ ಪ್ರವೃತ್ತಿಯನ್ನು ಕಾರಣ ಕಲ್ಪಿಸುವುದರಲ್ಲಿನ ಮೂಲದೋಷವೆಂದು ಕರೆದನು. ಸಂದರ್ಭವನ್ನು ಮರೆತು ಸ್ವಭಾವವನ್ನೇ ದೂರುವುದು ಇದರ ಲಕ್ಷಣ.

ಈ ದೋಷವು ಎಲ್ಲೆಡೆಯೂ ಒಂದೇ ಪ್ರಮಾಣದಲ್ಲಿರುವುದಿಲ್ಲವೆಂಬುದಕ್ಕೆ ಕನ್ನಡನಾಡೇ ಸಾಕ್ಷಿಯಾಯಿತು. ಜೋನ್ ಮಿಲ್ಲರ್ ಎಂಬ ವಿದುಷಿಯು ಶಿಕಾಗೊ ಮತ್ತು ಮೈಸೂರು ನಗರಗಳ ಮಕ್ಕಳನ್ನೂ ದೊಡ್ಡವರನ್ನೂ ಕುರಿತು ನಡೆಸಿದ ವಿಚಾರಣೆಯು 1984ರಲ್ಲಿ ಪ್ರಕಟವಾಯಿತು. ಪರಿಚಿತರು ಮಾಡಿದ ಒಳ್ಳೆಯ ಕೆಟ್ಟ ಕೆಲಸಗಳಿಗೆ ಕಾರಣವೇನೆಂಬುದು ಪ್ರಶ್ನೆ. ಎಳೆಯ ಮಕ್ಕಳಲ್ಲಿ ಎರಡು ಊರುಗಳಿಗೂ ಹೆಚ್ಚು ಭೇದವು ಕಾಣಲಿಲ್ಲ. ಆದರೆ ದೊಡ್ಡವರಲ್ಲಿ, ಶಿಕಾಗೊವಿನವರು ಮನುಷ್ಯನ ಗುಣವನ್ನು ಹೆಚ್ಚಾಗಿ ಹೇಳಿದರು. ಮೈಸೂರಿನ ಹಿಂದೂಗಳು ಅವನಿದ್ದ ಸಂದರ್ಭವನ್ನು ಹೆಚ್ಚಾಗಿ ಹೇಳಿದರು. ಎಂದಮೇಲೆ, ಪರರ ಸಂದರ್ಭವನ್ನು ನೋಡುವ ಕಣ್ಣು ಹುಟ್ಟಿನಿಂದ ಬಂದುದಲ್ಲ, ಹಿರಿಯರ ನಡುವೆ ಬೆಳೆದು ಕಲಿತುದೆಂದು ಊಹಿಸಬಹುದು. ಹೀಗೆ ಕಲಿತ ವಿವೇಕವು, ಮನೆಯಲ್ಲೊಬ್ಬರ ಮನಸ್ಸು ಕೆಟ್ಟಾಗ ಮಾತ್ರ ಏಕೆ ಕೈಕೊಡುತ್ತದೆ?

ರಾಮನಗರ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ರೇಷ್ಮೆಹುಳು ಸಾಕುವ ರೈತನನ್ನು ನೋಡಬಹುದು. ಹುಳು ಸೊಪ್ಪು ಬಿಟ್ಟಿತೆಂದರೆ ಅವನು ಹುಳುವನ್ನು ಬಯ್ಯುವುದಿಲ್ಲ. ಸೊಪ್ಪು ಬಾಡಿತ್ತೆ, ಮನೆಯಲ್ಲಿ ಶಾಖ ಹೆಚ್ಚಿತೆ, ತೇವ ನಿಂತಿತೆ, ಮೊಟ್ಟೆಯಲ್ಲಿಯೇ ರೋಗವಿತ್ತೆ ಎಂದು ಒಂದೊಂದಾಗಿ ವಿಚಾರಿಸುತ್ತಾನೆ. ತಿಳಿಯದಿದ್ದರೆ ಬಲ್ಲವರನ್ನು ಕರೆತರುತ್ತಾನೆ. ಅದೇ ಮನೆಯಲ್ಲಿ ಹದಿಹರೆಯದ ಮಗನು ಅನ್ನ ಬಿಟ್ಟು ಗೋಡೆಯ ಕಡೆಗೆ ಮುಖಮಾಡಿ ಮಲಗಿದರೆ ‘ಕೊಬ್ಬು’ ಎಂಬ ಒಂದೇ ಮಾತಿನಲ್ಲಿ ವಿಚಾರಣೆ ಮುಗಿಯುತ್ತದೆ. ಬಾಣಂತಿಯು ಕೂಸನ್ನು ಎತ್ತಿಕೊಳ್ಳದೆ ಕಣ್ಣೀರಿಡುತ್ತಿದ್ದರೆ ‘ಮಗುವಿನ ಮೇಲೆ ಮಮತೆಯಿಲ್ಲದವಳು’ ಎಂಬ ಬಿರುದು ಬರುತ್ತದೆ. ಹೆರಿಗೆಯ ಬಳಿಕ ಕೆಲವು ದಿನ ಅಳು ಬರುವುದು ಸಾಮಾನ್ಯ. ವಾರಗಟ್ಟಲೆ ನಿಂತರೆ ಅದು ಖಿನ್ನತೆಯಾಗಿರಬಹುದು. ಹಿರಿಯರು ಬಾಣಂತಿ ಸನ್ನಿಯೆಂದು ಕರೆಯುತ್ತಿದ್ದ ಬುದ್ಧಿಭ್ರಮೆಯಂತೂ ಒಂದು ದಿನವೂ ತಡಮಾಡದೆ ವೈದ್ಯರಿಗೆ ತೋರಿಸತಕ್ಕುದು. ಆಕೆಗೆ ಮಮತೆಯಿಲ್ಲವೆಂದಲ್ಲ, ಮಮತೆಯನ್ನು ಅನುಭವಿಸುವ ಶಕ್ತಿಯನ್ನೇ ರೋಗವು ಕುಗ್ಗಿಸಿದೆ.

ಪತಂಜಲಿ ಮಹರ್ಷಿಗಳು ಚಿತ್ತಪ್ರಸಾದಕ್ಕೆ ನಾಲ್ಕು ಭಾವನೆಗಳನ್ನು ವಿಧಿಸಿದ್ದಾರೆ: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತೆ, ಅಪುಣ್ಯರಲ್ಲಿ ಉಪೇಕ್ಷೆ. ಈ ವಿಧಿಯನ್ನು ಆಚರಿಸುವ ಮೊದಲು, ಎದುರಿಗಿರುವವನು ಈ ನಾಲ್ವರಲ್ಲಿ ಯಾರೆಂಬುದು ತಿಳಿದಿರಬೇಕು. ದುಃಖಿಯನ್ನು ಅಪುಣ್ಯನೆಂದು ಭ್ರಮಿಸಿದರೆ ಕರುಣೆ ಸಲ್ಲಬೇಕಾದೆಡೆ ಉಪೇಕ್ಷೆ ಸಲ್ಲುತ್ತದೆ. ಅಂಥವನ ಹೃದಯವು ಕಠಿನವಾದುದೆಂದು ಹೇಳುವ ಹಾಗಿಲ್ಲ; ಅವನು ತಪ್ಪಿರುವುದು ವಸ್ತುಜ್ಞಾನದಲ್ಲಿ. ಸಜ್ಜನರ ಮನೆಗಳಲ್ಲಿಯೂ ಮನೋರೋಗಿಗಳು ಒಂಟಿಯಾಗಿ ನವೆಯುವುದಕ್ಕೆ ಇದು ದೊಡ್ಡ ಕಾರಣ. ಮನಶ್ಶಾಸ್ತ್ರದ ಮೊದಲ ಪಾಠಗಳಿಂದ ಗೃಹಸ್ಥನಿಗೆ ಬರುವ ಲಾಭವು ಈ ವಿವೇಚನೆಯೇ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಎಲ್ಲಕ್ಕೂ ಕಾರಣವನ್ನು ಹುಡುಕುತ್ತ ಹೋದರೆ ಅಪರಾಧವೆಂಬುದೇ ಉಳಿಯದಲ್ಲ! ಕುಡಿದು ಬಂದು ಹೆಂಡತಿಯನ್ನು ಹೊಡೆಯುವವನೂ ತನ್ನ ಸಾಲವನ್ನು, ತನ್ನ ಬಾಲ್ಯವನ್ನು ಕಾರಣವಾಗಿ ಹೇಳಿಯಾನು. ಮನುಷ್ಯನು ಹುಳುವಲ್ಲ, ಅವನಿಗೆ ಇಚ್ಛೆಯೂ ಬುದ್ಧಿಯೂ ಉಂಟು. ಆಕ್ಷೇಪವು ಹುರುಳಿಲ್ಲದುದಲ್ಲ. ಆದರೆ ಕಾರಣವನ್ನು ತಿಳಿಯುವುದು ಬೇರೆ, ಕಾರ್ಯವನ್ನು ಮನ್ನಿಸುವುದು ಬೇರೆ. ಚನ್ನಪಟ್ಟಣದ ಬೊಂಬೆಯ ಕುಶಲಿಗಳು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಬಣ್ಣವು ಮರಕ್ಕೆ ಹತ್ತುತ್ತದೆ. ನಿಂತ ಮರಕ್ಕೆ ಅದು ಹತ್ತದು. ಅಭ್ಯಾಸವೂ ಹಾಗೆಯೇ ಸುತ್ತುಸುತ್ತಾಗಿ ಹತ್ತುತ್ತದೆ. ಶಾಸ್ತ್ರಗಳು ಇದನ್ನೇ ಸಂಸ್ಕಾರವೆನ್ನುತ್ತವೆ. ಹತ್ತಿದ ಮೇಲೆ ಬರಿಯ ಉಪದೇಶದಿಂದ ಅಳಿಯದು. ಅಳಿಸುವುದಕ್ಕೂ ಅಷ್ಟೇ ಸುತ್ತುಗಳು ಬೇಕು, ನುರಿತ ಕೈಯೂ ಬೇಕು. ಕುಡುಕನು ಮದ್ಯದ ಹಿಡಿತದಲ್ಲಿ ರೋಗಿಯಾಗಿರಬಹುದು. ಆದರೂ ಚಿಕಿತ್ಸೆಗೆ ಒಪ್ಪುವ ಕರ್ತವ್ಯವು, ಕೈಲಾಗುವ ಮಟ್ಟಿಗೆ, ಅವನದೇ. ಅವನ ಕಾರಣಗಳನ್ನು ತಿಳಿದವರು ಆ ಹೆಂಡತಿಯನ್ನು ಪೆಟ್ಟಿಗೆ ಒಪ್ಪಿಸಿ ಸುಮ್ಮನಿರತಕ್ಕುದಲ್ಲ. ಅವಳನ್ನು ರಕ್ಷಿಸುವುದು ಮೊದಲ ಧರ್ಮ, ಅವನನ್ನು ಗುಣಪಡಿಸುವುದು ಎರಡನೆಯದು. ಹೊಣೆಯು ಶಕ್ತಿಯ ಅಳತೆಯನ್ನು ಅನುಸರಿಸುತ್ತದೆ. ಶಕ್ತಿ ಉಡುಗಿದವನ ಮೇಲೆ ಪೂರ್ಣವಾದ ಹೊಣೆಯನ್ನು ಹೊರಿಸುವುದು ಎಷ್ಟು ಅನ್ಯಾಯವೋ, ಶಕ್ತಿ ಉಳಿದಿರುವವನಿಂದ ಹೊಣೆಯನ್ನೆಲ್ಲ ಕಸಿದುಕೊಳ್ಳುವುದು ಅಷ್ಟೇ ಅವಮಾನ.

ರೋಗಿಯನ್ನು ದೇವಾಲಯಕ್ಕೆ ಕರೆದೊಯ್ಯುವುದೋ, ಆಸ್ಪತ್ರೆಗೋ ಎಂಬ ವಾದವೂ ಮನೆಗಳಲ್ಲಿ ನಡೆಯುವುದುಂಟು. ಚರಕಸಂಹಿತೆಯು ಚಿಕಿತ್ಸೆಯನ್ನು ಮೂರು ಬಗೆಯಾಗಿ ಹೇಳಿದೆ: ದೈವವನ್ನು ಆಶ್ರಯಿಸಿದುದು, ಔಷಧ ಆಹಾರಗಳ ಯುಕ್ತಿಯನ್ನು ಆಶ್ರಯಿಸಿದುದು, ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂತೆಗೆಯುವ ಸತ್ತ್ವಾವಜಯ. ಒಂದನ್ನು ಹಿಡಿದರೆ ಮತ್ತೊಂದನ್ನು ಬಿಡಬೇಕೆಂಬ ನಿರ್ಬಂಧವು ಅಲ್ಲಿಲ್ಲ. ಮಾಗಡಿಯ ರಂಗನಾಥನಿಗೆ ಹರಕೆ ಹೊತ್ತವರು ಔಷಧವನ್ನು ನಿಲ್ಲಿಸಬೇಕಾದುದಿಲ್ಲ.

ಈ ಶಾಸ್ತ್ರವು ಕನ್ನಡನಾಡಿಗೆ ಹೊಸದೂ ಅಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿಯೇ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರದ ವಿಭಾಗವು ಆರಂಭವಾಯಿತು. ಬೆಂಗಳೂರಿನಲ್ಲಿ ಹುಚ್ಚರ ಆಶ್ರಯವೆಂದು ಕರೆಯಲ್ಪಡುತ್ತಿದ್ದ ಮನೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂದಿತು. ಹೆಸರಿನೊಡನೆ ಒಳಗಿದ್ದವರು ಹುಚ್ಚರಾಗಿದ್ದವರು ರೋಗಿಗಳಾದರು. 1954ರಲ್ಲಿ ಅಲ್ಲಿ ಅಖಿಲ ಭಾರತ ಸಂಸ್ಥೆಯು ಸ್ಥಾಪಿತವಾಗಿ, 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಆಯಿತು. ಆ ದಶಕದಲ್ಲಿಯೇ ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ಕೇಂದ್ರವನ್ನು ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ವೈದ್ಯರಿಗೂ ಮನೋರೋಗಗಳನ್ನು ಗುರುತಿಸುವ ಶಿಕ್ಷಣವನ್ನು ಕೊಡತೊಡಗಿದರು. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇಕಡ 10.6 ಮಂದಿಗೆ ಆಗ ಯಾವುದಾದರೊಂದು ಮಾನಸಿಕ ವ್ಯಾಧಿಯಿದ್ದಿತು. ಅವರಲ್ಲಿ ಬಹುಪಾಲಿಗೆ ಚಿಕಿತ್ಸೆ ದೊರೆತಿರಲಿಲ್ಲ.

ರಾಜ್ಯಶಾಸನವೂ ದೋಷದೃಷ್ಟಿಯಿಂದ ದುಃಖದೃಷ್ಟಿಗೆ ಹೊರಳಿದೆ. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವನು ಮೊದಲು ದಂಡನೆಗೆ ಗುರಿಯಾಗಿದ್ದನು. 2017ರ ಮಾನಸಿಕ ಆರೋಗ್ಯ ಕಾಯಿದೆಯು, ಬೇರೆಯೆಂದು ಸಿದ್ಧವಾಗದ ಹೊರತು ಅವನು ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸತಕ್ಕುದೆಂದೂ, ದಂಡಿಸದೆ ಅವನ ಆರೈಕೆಯ ಹೊಣೆಯನ್ನು ಸರ್ಕಾರವೇ ಹೊರತಕ್ಕುದೆಂದೂ ವಿಧಿಸಿತು. ಕಾಯಿದೆಯು ಕ್ಷಮಿಸಿದವನನ್ನು ಕೇರಿಯು ಕ್ಷಮಿಸದಿದ್ದರೆ ಅವನು ಮರಳಿ ಹೋಗುವುದೆಲ್ಲಿಗೆ?

ಆದುದರಿಂದ ಮನೆಯ ಹಿರಿಯರಾದವರು ತೀರ್ಪಿಗೆ ಮೊದಲು ವಿಚಾರಣೆ ಮಾಡತಕ್ಕುದು. ಎರಡು ವಾರಗಳ ಕಾಲ ನಿದ್ರೆ ಕೆಟ್ಟಿದೆಯೆ, ಆಹಾರದಲ್ಲಿ ರುಚಿ ಹೋಗಿದೆಯೆ, ಮೊದಲು ಮೆಚ್ಚುತ್ತಿದ್ದುದರಲ್ಲಿ ಆಸಕ್ತಿ ಬತ್ತಿದೆಯೆ, ಬದುಕು ಬೇಡವೆಂಬ ಮಾತು ಬಂದಿದೆಯೆ ಎಂದು ಮೃದುವಾಗಿ ಕೇಳಬೇಕು. ಹಾಗೆ ಕೇಳುವುದರಿಂದ ಸಾವಿನ ಯೋಚನೆಯನ್ನು ಬಿತ್ತಿದಂತಾಗುವುದಿಲ್ಲ. ಒಳಗೆ ಅದುಮಿಟ್ಟ ಭಾರವು ಹೊರಬರಲು ದಾರಿಯಾಗುತ್ತದೆ. ವೈದ್ಯರಲ್ಲಿಗೆ ಹೋಗಲು ಸಂಕೋಚಪಡುವವರಿಗೆ 2022ರಿಂದ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ದೂರವಾಣಿಯು 14416 ಎಂಬ ಸಂಖ್ಯೆಯಲ್ಲಿ ದೊರೆಯುತ್ತದೆ; ಕನ್ನಡದಲ್ಲಿಯೇ ಮಾತನಾಡಬಹುದು. ವಿಚಾರಿಸಿದ ಮೇಲೆ ದೋಷವೇ ಕಂಡುಬಂದರೆ ತಿದ್ದುವುದಕ್ಕೆ ಕಾಲವಿದ್ದೇ ಇದೆ. ದುಃಖವನ್ನು ದೋಷವೆಂದು ತಿಳಿದು ಕಳೆದ ಕಾಲವು ಮಾತ್ರ ಹಿಂದಕ್ಕೆ ಬಾರದು. ಕೆಲವು ವೇಳೆ ಮನುಷ್ಯನೂ ಬಾರನು.