ಎದುರಾಳಿಗೆ ಕೊಟ್ಟ ಮಾತು

ಕುರ್ಟ್ ಹಾಫ್‌ಮನ್ ನಿರ್ದೇಶಿಸಿದ 1954ರ ಜರ್ಮನ್ ಚಿತ್ರ 'ಹಾರುವ ತರಗತಿ'ಗೆ ಎರಿಕ್ ಕೆಸ್ಟ್ನರ್‌ನ 1933ರ ಕಾದಂಬರಿ ಆಧಾರ. ಕಾದಂಬರಿಯಲ್ಲಿ ಒಂದೇ ಊರಿನ ಎರಡು ಶಾಲೆಗಳ ಹುಡುಗರಿಗೆ ಹಳೆಯ ಹಗೆ. ಒಂದು ಗುಂಪು ಎದುರಾಳಿ ಶಾಲೆಯ ಹುಡುಗನೊಬ್ಬನನ್ನು ಹಿಡಿದು ನೆಲಮಾಳಿಗೆಯಲ್ಲಿ ಕೂಡಿಹಾಕಿ, ಅವನ ಬಳಿಯಿದ್ದ ಉಕ್ತಲೇಖನದ ಪುಸ್ತಕಗಳನ್ನು ಸುಡುತ್ತದೆ. ಕೊನೆಗೆ ಒಪ್ಪಂದವಾಗುತ್ತದೆ: ಎರಡೂ ಕಡೆಯಿಂದ ಒಬ್ಬೊಬ್ಬ ಕಾದಾಡಲಿ, ಕೂಡಿಹಾಕಿದವರ ಕಡೆಯವನು ಸೋತರೆ ಸೆರೆಯಾಳಿಗೆ ಬಿಡುಗಡೆ. ಅವನು ಸೋಲುತ್ತಾನೆ, ಗುಂಪು ಮಾತಿಗೆ ತಪ್ಪುತ್ತದೆ. ಆಗ ಮಾತು ಕೊಟ್ಟಿದ್ದ ನಾಯಕ ಎಗರ್‌ಲಾಂಡ್ ಎದುರಾಳಿಗಳ ಬಳಿಗೆ ಬಂದು, ತನ್ನನ್ನೇ ಸೆರೆ ಹಿಡಿಯಿರಿ ಎನ್ನುತ್ತಾನೆ.

ನಾನು ಕೊಟ್ಟ ಮಾತನ್ನು ನನ್ನ ಮಂದಿಯೇ ಮುರಿದರೆ ನಾನು ಯಾರಿಗೆ ಋಣಿ?

ಅರ್ಧ ಉತ್ತರ ನಮಗೆ ಗೋವಿನ ಹಾಡಿನಿಂದಲೇ ಗೊತ್ತು. ಮಾತು ಪಡೆದವನು ಕೊಲ್ಲಲಿರುವ ಹುಲಿ ಎಂಬ ಕಾರಣಕ್ಕೆ ಪುಣ್ಯಕೋಟಿಯ ಮಾತು ಹಗುರಾಗಲಿಲ್ಲ. ಆದರೆ ಅವಳು ಒತ್ತೆಯಿಟ್ಟದ್ದು ತನ್ನದೇ ಜೀವ. ಎಗರ್‌ಲಾಂಡ್ ಗುಂಪಿನ ಪರವಾಗಿ ಮಾತು ಕೊಟ್ಟಿದ್ದ. ಅದನ್ನು ನಡೆಸುವುದು ಅವನೊಬ್ಬನ ಕೈಯಲ್ಲಿರಲಿಲ್ಲ.

ಮಹಾರಾಷ್ಟ್ರದ ಗಡಿಗೆ ಹತ್ತಿರದ, ಆಳಂದ ತಾಲ್ಲೂಕಿನ ಖಜೂರಿಯಂಥ ಊರಿನಲ್ಲಿ ಇದು ದೂರದ ಪ್ರಶ್ನೆಯಲ್ಲ. ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವ ಈ ಭಾಗದಲ್ಲಿ ಮಕ್ಕಳು ಬಯಲಲ್ಲಿ ಕಬಡ್ಡಿ ಆಡುವಾಗ ತೀರ್ಪುಗಾರ ಇರುವುದಿಲ್ಲ. ಕೈ ತಾಗಿತೋ ಇಲ್ಲವೋ ಎಂಬುದನ್ನು ತಾಗಿಸಿಕೊಂಡವನೇ ಹೇಳಬೇಕು. ನಿಜ ಹೇಳಿದವನನ್ನು ಅವನ ಕಡೆಯವರೇ ಕೇಳುತ್ತಾರೆ: "ನೀ ಯಾರ ಕಡೆ ಇದ್ದಿ?" ನಿಜ ಹೇಳಿದರೆ ಕಡೆ ಬದಲಿಸಿದಂತೆ ಎಂದು ಈ ಪ್ರಶ್ನೆ ಮೊದಲೇ ತೀರ್ಮಾನಿಸಿಬಿಟ್ಟಿದೆ. ಎಗರ್‌ಲಾಂಡ್ ಕಡೆ ಬದಲಿಸಲಿಲ್ಲ, ತನ್ನವರ ಮೇಲೆ ಕೈ ಮಾಡಲೂ ಇಲ್ಲ. ಅವರು ತೀರಿಸದ ಸಾಲಕ್ಕೆ ತಾನೇ ಜಾಮೀನು ನಿಂತ.

ಇದರಿಂದ ನೆಲಮಾಳಿಗೆಯ ಹುಡುಗನಿಗೆ ಏನು ಬಂತು ಎಂದು ಕೇಳಬಹುದು. ಏನೂ ಬರಲಿಲ್ಲ. ಎದುರಾಳಿಗಳು ಎಗರ್‌ಲಾಂಡ್‌ನನ್ನು ವಾಪಸು ಕಳಿಸಿ, ನುಗ್ಗಿಯೇ ಗೆಳೆಯನನ್ನು ಬಿಡಿಸಿಕೊಳ್ಳಬೇಕಾಯಿತು. ಒಬ್ಬನ ಮಾನ ಇನ್ನೊಬ್ಬನ ಬಿಡುಗಡೆಗೆ ಸಾಲದು. ಹಾಗೆಂದು ಅದು ವ್ಯರ್ಥವೂ ಅಲ್ಲ. ಕಾದಂಬರಿ ಬಂದ ವರ್ಷವೇ, ಮೇ 10ರಂದು, ಬರ್ಲಿನ್‌ನಲ್ಲಿ ನಾಜಿ ವಿದ್ಯಾರ್ಥಿಗಳು ಪುಸ್ತಕಗಳನ್ನು ಸುಟ್ಟರು. ಕೆಸ್ಟ್ನರ್ ಜನರ ನಡುವೆ ನಿಂತು ತನ್ನ ಪುಸ್ತಕಗಳೂ ಉರಿಯುವುದನ್ನು ನೋಡಿದ. ತನ್ನವರಿಗೆ 'ಇದು ಸಲ್ಲದು' ಎನ್ನುವವರು ಇಲ್ಲದ ಗುಂಪು ಎಲ್ಲಿಗೆ ಮುಟ್ಟುತ್ತದೆಂದು ಅವನಿಗೆ ಗೊತ್ತಿತ್ತು.

ಗಡಿಯ ಊರುಗಳಲ್ಲಿ ಜಗಳ ಮುಗಿದ ಮೇಲೂ ಎರಡೂ ಕಡೆಯವರು ಅದೇ ಸಂತೆಗೆ ಹೋಗಬೇಕು, ಅದೇ ಬಸ್ಸು ಹತ್ತಬೇಕು. ನಾಳೆ ಮತ್ತೆ ಮಾತಿಗೆ ಕೂರಬೇಕಾದಾಗ ನಂಬಬಹುದಾದ ಒಬ್ಬನಾದರೂ ಆಚೆ ಕಡೆ ಇರಬೇಕು. ಈಚೆ ಕಡೆಯೂ ಅಂಥವನೊಬ್ಬ ಇರಬೇಕು. ನಮ್ಮ ಕೈಯಲ್ಲಿರುವುದು ಇದೊಂದೇ.