ಜಾಯಿಕಾಯಿಯ ಗುಟ್ಟು

ಮೊನ್ನೆ ಮನೆಯಲ್ಲೇ ಕೋಲಾ ಮಾಡಿದೆ: ಕಂದುಬಣ್ಣಕ್ಕೆ ಕಾಸಿದ ಸಕ್ಕರೆಯ ಪಾಕ, ನಿಂಬೆರಸ, ಕಿತ್ತಳೆ ಸಿಪ್ಪೆ, ದಾಲ್ಚಿನ್ನಿ, ಚಿಟಿಕೆ ಜಾಯಿಕಾಯಿ, ಮೇಲೆ ತಣ್ಣನೆಯ ಸೋಡಾ. ಕುಡಿದು ಮೆಚ್ಚಿದ ನೆರೆಯವರು ಮಾಡುವ ಬಗೆ ಕೇಳಿದರು. ಎಲ್ಲವನ್ನೂ ಹೇಳಿದೆ, ಜಾಯಿಕಾಯಿಯೊಂದನ್ನು ಬಿಟ್ಟು.

ಏಕೆ ಬಿಟ್ಟೆ? 1977ರಲ್ಲಿ ಕೋಕಾ-ಕೋಲಾ ಭಾರತವನ್ನು ತೊರೆದುದಕ್ಕೆ ತನ್ನ ಗುಟ್ಟನ್ನು ಕೊಡಲೊಪ್ಪದುದೂ ಒಂದು ಕಾರಣ. ಅದಕ್ಕಾದರೆ ವ್ಯಾಪಾರವಿತ್ತು, ನನಗೇನಿತ್ತು? ಹೊಗಳಿಕೆಯೊಂದೇ. ಅದೂ ಹಂಚಿಹೋದೀತೆಂಬ ಭಯ!

ನೀರಿಗೆ ಗುಳ್ಳೆ ಕೂಡಿಸುವ ಬಗೆಯನ್ನು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1772ರಲ್ಲಿಯೇ ಅಚ್ಚುಹಾಕಿಸಿ ಲೋಕಕ್ಕೆಲ್ಲ ತಿಳಿಸಿದ. ಅದರ ಫಲವನ್ನುಂಡು ನಾನು ಚಿಟಿಕೆ ಪುಡಿಯನ್ನು ಬಚ್ಚಿಟ್ಟೆ.

ನಾಳೆ ಹೋಗಿ ಹೇಳಬೇಕು. ‘ಮರೆತಿದ್ದೆ’ ಎನ್ನುವುದು ಸುಲಭ. ‘ಮುಚ್ಚಿಟ್ಟಿದ್ದೆ’ ಎನ್ನಲು ನಾಲಗೆ ಇನ್ನೂ ಏಳುತ್ತಿಲ್ಲ.