ಮಗು ಯಾರಿಗಾಗಿ ಓದಬೇಕು?

‘ಓದು’ ಎಂಬ ಒಂದೇ ಪದವನ್ನು ನಾವು ಎರಡು ಕೆಲಸಕ್ಕೆ ಬಳಸುತ್ತೇವೆ. ಪರೀಕ್ಷೆಗೆ ಪಾಠ ಕಲಿಯುವುದೂ ಓದು, ಕತೆ ಪುಸ್ತಕ ಹಿಡಿದು ಕೂರುವುದೂ ಓದು. ದಖನಿಯ ‘ಪಡ್‌ನಾ’ದಲ್ಲಿ ನಮಾಝ್ ಕೂಡಾ ಸೇರಿದೆ. ಆದರೆ ನಾವು ಮೊಬೈಲ್ ನೋಡುತ್ತಾ ‘ಹೋಗು, ಓದು’ ಎಂದು ಗದರಿದರೆ ಮಗುವಿಗೆ ಅದು ಶಿಕ್ಷೆಯಾಗಿಯೇ ಕೇಳಿಸುತ್ತದೆ. ನಾವೇ ಮಾಡದ್ದನ್ನು ಮಗುವಿಗೆ ವಿಧಿಸುವುದು ನ್ಯಾಯವೇ?

ಬಸವಕಲ್ಯಾಣ ತಾಲೂಕಿನ ಮೋರಖಂಡಿಯಂತಹ ಊರುಗಳಲ್ಲಿ ಇನ್ನೊಂದು ತೊಡಕೂ ಇದೆ. 1948ರವರೆಗೆ ಈ ಸೀಮೆ ನಿಝಾಮರ ಆಳ್ವಿಕೆಯಲ್ಲಿತ್ತು, ಆಡಳಿತ ಭಾಷೆ ಉರ್ದು. 1956ರಲ್ಲಷ್ಟೇ ಅದು ಕನ್ನಡ ರಾಜ್ಯಕ್ಕೆ ಸೇರಿತು. ಎಷ್ಟೋ ಮನೆಗಳಿಗೆ ಕನ್ನಡ ಅಕ್ಷರ ಬಂದದ್ದೇ ಮಕ್ಕಳ ಶಾಲಾಚೀಲದಲ್ಲಿ. ‘ನಮಗೇ ಕನ್ನಡ ಓದಲು ಬಾರದು, ಮಕ್ಕಳಿಗೇನು ಓದಿಸೋಣ?’ ಎಂಬ ತಾಯಂದಿರ ಅಳಲು ಸುಳ್ಳಲ್ಲ.

ಆದರೆ ಇದೇ ತಾಯಿ ಫಜ್ರ್ ಬಳಿಕ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುರ್‌ಆನ್ ಓದಿಸುತ್ತಾಳೆ. ಅರಬಿಯ ಅರ್ಥ ಅವಳಿಗೆ ತಿಳಿಯದಿರಬಹುದು. ಮಗು ಬೆರಳಿಟ್ಟು ಓದುತ್ತದೆ, ಅವಳು ಕಿವಿಗೊಡುತ್ತಾಳೆ. ಆ ಹೊತ್ತು ಅಡುಗೆಯೂ ಕಾಯುತ್ತದೆ. ಓದಲು ಹೇಳಿದ ಮೊದಲ ದಿವ್ಯಾದೇಶ ಅವತೀರ್ಣವಾದದ್ದು ಕೂಡಾ ಅಕ್ಷರಾಭ್ಯಾಸವಿಲ್ಲದ ಪ್ರವಾದಿ(ಸ)ಯವರಿಗೆ.

ಬೀದರಿನಲ್ಲಿ 1472ರಲ್ಲಿ ಎದ್ದುನಿಂತ ಮಹಮೂದ್ ಗಾವಾನ್ ಮದ್ರಸದ ಗ್ರಂಥಭಂಡಾರವನ್ನು ಭಾಷಣಗಳಲ್ಲಿ ಹೊಗಳುತ್ತೇವೆ. ನಮ್ಮ ಮನೆಯ ಕಪಾಟಿನಲ್ಲಿ ಎಷ್ಟು ಪುಸ್ತಕಗಳಿವೆ? ಹಣವಿಲ್ಲವೆನ್ನೋಣ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಅಲ್ಲಿಂದ ತಂದ ಕತೆಯನ್ನು ಮಗು ಕನ್ನಡದಲ್ಲಿ ಓದಲಿ, ಅಮ್ಮಿಗೆ ದಖನಿಯಲ್ಲಿ ಹೇಳಲಿ. ಅಬ್ಬಾ ಮೊಬೈಲ್ ಬದಿಗಿಟ್ಟು ‘ಆಮೇಲೇನಾಯಿತು?’ ಎಂದು ಕೇಳಲಿ. ಅಂಕಗಳ ಮಾತು ಅಲ್ಲಿ ಬೇಡ.